ಗೋಡೆ ಎಷ್ಟು ದೂರ? ದೃಷ್ಟಿದೋಷವಿರುವ ಈಜುಗಾರ್ತಿಯ ಮುಂದಿನ ಹಾದಿ

ಪ್ರಶ್ನೆ: ಮಗಳಿಗೆ 12 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ವೈದ್ಯರು ಹೇಳಿದ್ದಾರೆ. ಹಗಲಲ್ಲಿ ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಸಂಜೆಯಾದರೆ ಕೈಹಿಡಿದು ನಡೆಸಬೇಕು. ಎರಡು ವರ್ಷದಿಂದ ಊರಿನ 25 ಮೀಟರ್ ಕೊಳದಲ್ಲಿ ಈಜುತ್ತಿದ್ದಾಳೆ, 50 ಮೀಟರ್ ಫ್ರೀಸ್ಟೈಲ್ 46 ಸೆಕೆಂಡಿಗೆ ಮುಗಿಸುತ್ತಾಳೆ. ಹೋದ ತಿಂಗಳು ತಿರುಗುವಾಗ ಗೋಡೆಗೆ ತಲೆ ಬಡಿದುಕೊಂಡಳು. ಅವತ್ತಿನಿಂದ ಗೋಡೆ ಹತ್ತಿರ ಬಂತೆಂದರೆ ನಿಧಾನ. ಸ್ಪರ್ಧಾತ್ಮಕ ಈಜನ್ನು ಮುಂದುವರಿಸಬಹುದೇ? ಎಲ್ಲಿಯವರೆಗೆ ಹೋಗಬಹುದು? ನಾವು ಏನೇನು ಮಾಡಬೇಕು?

ಉತ್ತರ: ಮುಂದುವರಿಸಬಹುದು. ಆದರೆ ಪದಕ, ತಂಡ, ವಿದೇಶ ಎಲ್ಲಕ್ಕಿಂತ ಮೊದಲು ಆ ಗೋಡೆಯ ಲೆಕ್ಕ ಮುಗಿಸಿ.

50 ಮೀಟರಿಗೆ 46 ಸೆಕೆಂಡು ಎಂದರೆ ಸೆಕೆಂಡಿಗೆ ಸುಮಾರು 1.1 ಮೀಟರ್ ವೇಗ. ಗೋಡೆಗೆ ಮೂರು ಮೀಟರ್ ಇರುವಾಗಲೇ ಅಂಜಿ ವೇಗ 0.7ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 2.7 ಸೆಕೆಂಡಿನಲ್ಲಿ ಮುಗಿಯಬೇಕಾದ ದೂರಕ್ಕೆ 4.3 ಸೆಕೆಂಡು ಬೇಕಾಗುತ್ತದೆ. ಒಂದು ಗೋಡೆಗೆ ಒಂದೂವರೆ ಸೆಕೆಂಡು ನಷ್ಟ. ನಿಮ್ಮ 25 ಮೀಟರ್ ಕೊಳದಲ್ಲಿ 100 ಮೀಟರಿಗೆ ಮೂರು ತಿರುವು, ಒಂದು ಮುಕ್ತಾಯ. ಒಟ್ಟು ಆರು ಸೆಕೆಂಡು ಹೋಯಿತು. ಅಷ್ಟನ್ನು ತೋಳಿನ ಬಲದಿಂದ ಗಳಿಸಲು ಒಂದೆರಡು ವರ್ಷದ ಅಭ್ಯಾಸವೇ ಬೇಕಾದೀತು. ಗೋಡೆಯನ್ನು ನಂಬುವುದನ್ನು ಕಲಿಸಿದರೆ ಕೆಲವೇ ತಿಂಗಳಲ್ಲಿ ವಾಪಸು ಬರುತ್ತದೆ. ಹೆಚ್ಚಿನ ಕೋಚ್‌ಗಳು ಇದನ್ನು ಬಿಟ್ಟು ಸ್ಟ್ರೋಕ್ ತಿದ್ದುವುದಕ್ಕೇ ಗಂಟೆಗಳನ್ನು ಸುರಿಯುತ್ತಾರೆ.

ಕಾಣದ ಈಜುಗಾರರಿಗೆ ಗೋಡೆ ಬಂತೆಂದು ತಿಳಿಸುವವರಿಗೆ ಟ್ಯಾಪರ್ ಎನ್ನುತ್ತಾರೆ. ಲೇನಿನ ಎರಡೂ ತುದಿಗೆ ಒಬ್ಬೊಬ್ಬರು ನಿಂತು, ಮೆತ್ತನೆ ತುದಿಯ ಕೋಲಿನಿಂದ ತಲೆಗೋ ಭುಜಕ್ಕೋ ಒಂದೇ ಸಲ ತಟ್ಟುತ್ತಾರೆ. ನೋಡುವವರಿಗೆ ಇದು ಯಾರಾದರೂ ಮಾಡಬಹುದಾದ ಕೆಲಸ. ಅಸಲಿಗೆ ಇಡೀ ಆಟದ ಅರ್ಧ ಇಲ್ಲಿದೆ.

ಎಲ್ಲಿ ತಟ್ಟಬೇಕು ಎನ್ನುವುದನ್ನು ಕೂಡಿ ನೋಡಿ. ತಟ್ಟಿದ್ದು ಅರಿವಿಗೆ ಬಂದು ದೇಹ ಸ್ಪಂದಿಸುವುದಕ್ಕೆ ಸುಮಾರು 0.3 ಸೆಕೆಂಡು, ನಿಮ್ಮ ಮಗಳ ವೇಗದಲ್ಲಿ ಅದು 33 ಸೆಂಟಿಮೀಟರ್. ಆಮೇಲೆ ಒಂದು ಕೈ ಎಳೆತ, ಈ ವಯಸ್ಸಿಗೆ ಮುಕ್ಕಾಲು ಮೀಟರ್. ಅಲ್ಲಿಂದ ಪಲ್ಟಿ, ಅಂದರೆ ನೀರಿನಲ್ಲೇ ಉರುಳಿ ಕಾಲಿನಿಂದ ಗೋಡೆ ಒದ್ದು ತಿರುಗುವುದು, ಶುರು. ಆಗ ತಲೆ ಗೋಡೆಯಿಂದ ಒಂದು ಮೀಟರ್ ದೂರ ಇರಬೇಕು. ಎಲ್ಲ ಸೇರಿ ಎರಡು ಮೀಟರಿಗೆ ತುಸು ಮೇಲೆ. ಅಲ್ಲಿ ತಟ್ಟಬೇಕು. 50 ಮೀಟರನ್ನು 26 ಸೆಕೆಂಡಿನಲ್ಲಿ ಮುಗಿಸುವವರಿಗೆ ಅದೇ 0.3 ಸೆಕೆಂಡಿನಲ್ಲಿ 58 ಸೆಂಟಿಮೀಟರ್ ಹೋಗಿಬಿಡುತ್ತದೆ. ವೇಗ ಏರಿದ ಹಾಗೆ ತಟ್ಟುವ ಜಾಗವೂ ಗೋಡೆಯಿಂದ ಹಿಂದಕ್ಕೆ ಸರಿಯಬೇಕು. ಮಗಳು ಬೆಳೆಯುತ್ತಾಳೆ, ಟ್ಯಾಪರ್ ಮಾತ್ರ ಹಳೆಯ ಜಾಗದಲ್ಲೇ ತಟ್ಟುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಗೋಡೆಗೆ ಬಡಿಯತೊಡಗಿದರೆ ಮೊದಲು ಇದನ್ನು ಶಂಕಿಸಿ.

ಬೇಗ ತಟ್ಟಿದರೆ ಪಲ್ಟಿ ಗೋಡೆಯಿಂದ ದೂರ ಬಿದ್ದು ಕಾಲಿಗೆ ಗೋಡೆಯೇ ಸಿಗುವುದಿಲ್ಲ. ಮುಕ್ತಾಯದಲ್ಲಾದರೆ ಕೈ ಚಾಚಿಕೊಂಡು ತೇಲುತ್ತಾ ಹೋಗಬೇಕು. ತಡವಾದರೆ ಹಿಮ್ಮಡಿ ಅಂಚಿಗೆ, ಬೆರಳು ಗೋಡೆಗೆ, ಕೆಲವೊಮ್ಮೆ ತಲೆಯೇ. ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಲೇಬೇಕಾದರೆ, ಕಲಿಯುವ ದಿನಗಳಲ್ಲಿ ಬೇಗ ತಟ್ಟುವುದೇ ವಾಸಿ. ಸಮಯ ಕಳೆದುಕೊಂಡ ಮಗು ಮರುದಿನ ಬರುತ್ತದೆ, ತಲೆ ಒಡೆದುಕೊಂಡ ಮಗು ಬರುವುದಿಲ್ಲ.

ತಟ್ಟುವವರು ಗೋಡೆ ನೋಡಬಾರದು, ಕೈ ನೋಡಬೇಕು. ಬರುತ್ತಿರುವ ತೋಳಿನ ಲಯಕ್ಕೆ ಕೋಲನ್ನು ಹೊಂದಿಸಿಕೊಳ್ಳಬೇಕು. ‘ತಟ್ಟಿದ ಮೇಲೆ ಒಂದು ಕೈ, ಆಮೇಲೆ ಪಲ್ಟಿ’ ಎನ್ನುವ ಒಪ್ಪಂದ ಇಬ್ಬರ ನಡುವೆ ಮೊದಲೇ ಆಗಿರಬೇಕು. ಬಟರ್‌ಫ್ಲೈನಲ್ಲಿ ತೋಳು ಹಾರಿ ಬರುವಾಗ ಕೋಲು ಚಾಚಿದರೆ ತೋಳಿಗೇ ಸಿಕ್ಕಿಕೊಳ್ಳುತ್ತದೆ. ಕೈ ನೀರಿನೊಳಗಿರುವಾಗ ತಟ್ಟಬೇಕು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಇನ್ನೊಂದು ಪೂರ್ತಿ ಸ್ಟ್ರೋಕ್ ಉಳಿದಿರುವಾಗ ತಟ್ಟಿದರೆ ಚೆಂದ. ಬ್ಯಾಕ್‌ಸ್ಟ್ರೋಕ್ ಮುಕ್ತಾಯದಲ್ಲಿ ಒಂದು ಅಪಾಯವಿದೆ: ತಟ್ಟಿದ ಗಾಬರಿಗೆ ಮಕ್ಕಳು ಗೋಡೆ ಮುಟ್ಟುವ ಮೊದಲೇ ಹೊಟ್ಟೆಯ ಮೇಲೆ ಹೊರಳುತ್ತಾರೆ, ಅನರ್ಹರಾಗುತ್ತಾರೆ. ಹಾಗಾಗಿ ತಿರುವಿಗೆ ತಲೆಗೆ, ಮುಕ್ತಾಯಕ್ಕೆ ಭುಜಕ್ಕೆ ಎಂದು ಎರಡು ಬೇರೆ ಜಾಗ ಗೊತ್ತು ಮಾಡಿಕೊಳ್ಳಿ.

ಕೋಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎರಡರಿಂದ ಎರಡೂವರೆ ಮೀಟರ್ ಉದ್ದದ ಹಗುರ ಅಲ್ಯುಮಿನಿಯಂ ಅಥವಾ ಫೈಬರ್ ಕೋಲು, ತುದಿಗೆ ಫೋಮ್ ಇಲ್ಲವೇ ಟೆನ್ನಿಸ್ ಚೆಂಡು. ಪ್ಲಂಬಿಂಗ್ ಪಿವಿಸಿ ಪೈಪ್ ಬೇಡ. ಅದು ಬಳುಕುತ್ತದೆ, ಕೈ ಅಲುಗಿದ ಮೇಲೆ ತುದಿ ಅಲುಗುವುದರೊಳಗೆ ಮಗು ಮುಂದೆ ಹೋಗಿರುತ್ತದೆ. ತುದಿ ಮುಚ್ಚದಿದ್ದರೆ ಒಳಗೆ ನೀರು ತುಂಬಿ ಭಾರವಾಗುತ್ತದೆ. ಟೆನ್ನಿಸ್ ಚೆಂಡೂ ನೀರು ಹೀರಿಕೊಳ್ಳುವುದರಿಂದ ಅರ್ಧ ಗಂಟೆಗೊಮ್ಮೆ ಹಿಂಡಿ ಅಥವಾ ಬದಲಿಸಿ.

ಈಗ ಹೆದರಿರುವ ಮಗುವಿಗೆ ನೇರವಾಗಿ ಪಲ್ಟಿ ಹೊಡೆಸಬೇಡಿ. ಮೊದಲ ವಾರ ಕಿಕ್‌ಬೋರ್ಡ್ ಹಿಡಿದು ಕಾಲು ಬಡಿಯುತ್ತಾ ಗೋಡೆಗೆ ಬರಲಿ. ಬೋರ್ಡೇ ಮೊದಲು ತಾಗುತ್ತದೆ, ನೋವಿಲ್ಲ. ತಟ್ಟಿದ ಕೂಡಲೇ ಕಾಲಿನ ವೇಗ ಹೆಚ್ಚಿಸಬೇಕು, ಇಳಿಸಬಾರದು, ಇದು ಷರತ್ತು. ಎರಡನೇ ವಾರ ಬೋರ್ಡ್ ಬಿಟ್ಟು ಒಂದು ಕೈ ಮುಂದೆ ಚಾಚಿ. ಆಮೇಲೆ ಪೂರ್ತಿ ಸ್ಟ್ರೋಕ್, ಮುಕ್ತಾಯ ಮಾತ್ರ. ಪಲ್ಟಿ ಕೊನೆಗೆ. ದಿನಕ್ಕೆ 12 ಮೀಟರ್ ದೂರದಿಂದ 20 ಸಲ ಗೋಡೆಗೆ ಬರುವುದು ಸಾಕು. ಪ್ರತಿ ಸಲವೂ ಮಗಳು ಒಂದೇ ಪದ ಹೇಳಲಿ: ‘ಬೇಗ’, ‘ಸರಿ’ ಅಥವಾ ‘ತಡ’. ಟ್ಯಾಪರ್ ಅದನ್ನು ಬರೆದುಕೊಳ್ಳಲಿ. ಪಲ್ಟಿ ಸರಿಯಾಗಿದೆಯೇ ಎಂದು ತಿಳಿಯಲು ಗೋಡೆಗೆ ಪಾದ ತಾಗಿದಾಗ ಮೊಣಕಾಲು ನೋಡಿ: ಕುರ್ಚಿಯಲ್ಲಿ ಕುಳಿತಷ್ಟು ಮಡಚಿದ್ದರೆ ಸರಿ, ಎದೆಗೆ ಒತ್ತಿಕೊಂಡಿದ್ದರೆ ತಡ, ಕಾಲು ನೆಟ್ಟಗಿದ್ದರೆ ಬೇಗ. ವಾರದ ಕೊನೆಗೆ 20ರಲ್ಲಿ 16 ‘ಸರಿ’ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಸ್ಟ್ರೋಕ್ ಎಣಿಸುವುದನ್ನೂ ಕಲಿಸಿ, ಆದರೆ ಅದೊಂದನ್ನೇ ನಂಬಬೇಡಿ. ಮೊದಲ ಉದ್ದಕ್ಕೆ 22 ಕೈ ಬೇಕಾದರೆ ದಣಿದ ಮೇಲೆ ಅದೇ ಉದ್ದಕ್ಕೆ 26 ಆಗುತ್ತದೆ. ಎಣಿಕೆ ಗೋಡೆ ಹತ್ತಿರ ಬಂತು ಎಂದು ಸೂಚಿಸಿದರೆ ಸಾಕು, ಖಚಿತ ಮಾಡುವುದು ಕೋಲು. ಅಂತರರಾಷ್ಟ್ರೀಯ ಸ್ಪರ್ಧೆಗಳು 50 ಮೀಟರ್ ಕೊಳದಲ್ಲಿ ನಡೆಯುವುದರಿಂದ, ರಾಷ್ಟ್ರಮಟ್ಟಕ್ಕೆ ಹೋಗುವ ಮುನ್ನ ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ ಒಂದಷ್ಟು ದಿನ ಈಜಿಸಿ, ಎಣಿಕೆ ಹೊಸದಾಗಿ ಬರೆದುಕೊಳ್ಳಿ.

ಇನ್ನು ಸೊಟ್ಟಗೆ ಹೋಗುವುದು. ಕಾಣದವರು ಲೇನ್ ಹಗ್ಗಕ್ಕೆ ಉಜ್ಜಿಕೊಂಡು ಈಜುವುದು ತಪ್ಪಲ್ಲ, ಅನೇಕರು ಬೇಕೆಂದೇ ಒಂದು ಪಕ್ಕದ ಹಗ್ಗವನ್ನು ಆಗಾಗ ಸವರಿಕೊಂಡು ದಿಕ್ಕು ಹಿಡಿಯುತ್ತಾರೆ. ಕೈಬೆರಳ ಗಿಣ್ಣು, ಮುಂಗೈ, ಭುಜ ತರಚುತ್ತವೆ. ಅಭ್ಯಾಸಕ್ಕೆ ತುಂಬುತೋಳಿನ ಈಜು ಅಂಗಿ ಹಾಕಿಸಿ, ಗಿಣ್ಣಿಗೆ ಟೇಪ್ ಸುತ್ತಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಪ್ಪಳಿಸುತ್ತಾ ಹೋಗುತ್ತಿದ್ದರೆ ಮಾತ್ರ ತಿದ್ದಬೇಕು. ಒಂದೇ ಪಕ್ಕಕ್ಕೆ ಉಸಿರು ತೆಗೆದುಕೊಳ್ಳುವುದು, ಕೈ ತಲೆಯ ನಡುಗೆರೆ ದಾಟಿ ಬೀಳುವುದು, ಒಂದು ತೋಳು ಹೆಚ್ಚು ಬಲವಾಗಿರುವುದು ಸಾಮಾನ್ಯ ಕಾರಣಗಳು. ‘ನೇರ ಹೋಗು’ ಎಂದರೆ ಆಕೆಗೆ ಏನೂ ತಿಳಿಯುವುದಿಲ್ಲ. ತಲೆಯ ಮುಂದೆ ಗಡಿಯಾರ ಇದೆ ಎಂದುಕೊಂಡು ಎಡಗೈ 11ಕ್ಕೆ, ಬಲಗೈ 1ಕ್ಕೆ ಇಡು ಎಂದು ಹೇಳಿ. ಹೊಸ ಚಲನೆ ಕಲಿಸುವಾಗ ಬೆಂಚಿನ ಮೇಲೆ ಮಲಗಿಸಿ, ‘ಕೈ ಹಿಡಿಯಲೇ?’ ಎಂದು ಕೇಳಿ, ಕೈ ಹಿಡಿದು ತೋರಿಸಿ. ಇಲ್ಲವೇ ಕೋಚ್ ಮಾಡುತ್ತಿರುವಾಗ ಅವರ ತೋಳನ್ನು ಆಕೆಯೇ ಮುಟ್ಟಿ ನೋಡಲಿ.

ಈಗ ಕಾಗದಪತ್ರ. ದೃಷ್ಟಿದೋಷದ ಈಜುಗಾರರಿಗೆ ಎಸ್11, ಎಸ್12, ಎಸ್13 ಎಂಬ ಮೂರು ವರ್ಗಗಳಿವೆ. ಬ್ರೆಸ್ಟ್‌ಸ್ಟ್ರೋಕ್‌ಗೆ ಎಸ್‌ಬಿ, ನಾಲ್ಕೂ ಶೈಲಿ ಸೇರಿದ ಮೆಡ್ಲಿಗೆ ಎಸ್‌ಎಂ ಎಂದು ಅಂಕಿಯ ಮುಂದೆ ಸೇರುತ್ತದೆ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿ ಕಾಣುವ ಕಣ್ಣಿನ ಅಳತೆಯೇ ಲೆಕ್ಕ ಎನ್ನುವುದು ವರ್ಷಗಳಿಂದ ಬಂದಿರುವ ಪದ್ಧತಿ. ಅಂಕಿ ಏರಿದಷ್ಟೂ ದೃಷ್ಟಿ ಕಡಿಮೆ ಎನ್ನುವ ಲಾಗ್‌ಮಾರ್ ಅಳತೆಯಲ್ಲಿ 1.0ರಿಂದ 1.4 ಇದ್ದರೆ ಎಸ್13, 1.5ರಿಂದ 2.6 ಇದ್ದರೆ ಎಸ್12, ದೃಷ್ಟಿ ಅದಕ್ಕೂ ಕಡಿಮೆಯಿದ್ದರೆ ಎಸ್11. ನಮ್ಮ ಆಸ್ಪತ್ರೆಗಳ ಭಾಷೆಯಲ್ಲಿ 1.0 ಎಂದರೆ 6/60 (ಇತರರು 60 ಮೀಟರಿನಿಂದ ಓದುವ ಅಕ್ಷರಕ್ಕೆ 6 ಮೀಟರ್ ಹತ್ತಿರ ಬರಬೇಕು), 1.5 ಎಂದರೆ ಸುಮಾರು 2/60.

ಇಲ್ಲಿ ಬಹಳ ಮನೆಗಳು ಎಡವುತ್ತವೆ. ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡಿನಲ್ಲಿ ಶೇ 40 ಎಂದಿದೆ, ಹಾಗಾಗಿ ಪ್ಯಾರಾ ಈಜಿಗೆ (ಅಂಗವಿಕಲರ ಸ್ಪರ್ಧಾತ್ಮಕ ಈಜಿಗೆ) ಅರ್ಹ ಎಂದುಕೊಳ್ಳುತ್ತಾರೆ. 6/36 ದೃಷ್ಟಿಗೂ ಆ ಪ್ರಮಾಣಪತ್ರ ಸಿಗಬಹುದು. ಅಂತರರಾಷ್ಟ್ರೀಯ ವರ್ಗೀಕರಣದ ಬಾಗಿಲು ತೆರೆಯುವುದು 6/60ಕ್ಕೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೂ ಪ್ರವೇಶವಿಲ್ಲ.

ನಿಮ್ಮ ಮಗಳ ವಿಷಯ ಬೇರೆ. ಈ ಕಾಯಿಲೆಯಲ್ಲಿ ಅಕ್ಷರದ ಫಲಕ ಓದುವ ಶಕ್ತಿ ಚೆನ್ನಾಗಿಯೇ ಇದ್ದು, ನೋಟದ ವಿಸ್ತಾರ ಮಾತ್ರ ಕೊಳವೆಯಲ್ಲಿ ಇಣುಕಿದಷ್ಟಕ್ಕೆ ಕುಗ್ಗಿರಬಹುದು. ನಿಯಮದಲ್ಲಿ ಅದಕ್ಕೂ ಜಾಗವಿದೆ: ಎರಡೂ ಕಡೆ ಸೇರಿ ನೋಟದ ವ್ಯಾಸ 40 ಡಿಗ್ರಿಗಿಂತ ಕಡಿಮೆ ಇದ್ದರೆ ಎಸ್13, 10 ಡಿಗ್ರಿಗಿಂತ ಕಡಿಮೆ ಇದ್ದರೆ ಎಸ್12. ಎಸ್11ಕ್ಕೆ ಮಾತ್ರ ವಿಸ್ತಾರದ ಲೆಕ್ಕವಿಲ್ಲ, ತೀಕ್ಷ್ಣತೆಯೊಂದೇ. ಆದ್ದರಿಂದ ಬರೀ 6/18 ಎಂದು ಬರೆದ ಚೀಟಿ ಹಿಡಿದು ‘ನಾವು ಅರ್ಹರಲ್ಲ’ ಎಂದು ವಾಪಸಾಗಬೇಡಿ. ರೆಟಿನಾ ತಜ್ಞರಲ್ಲಿ ನೋಟದ ವಿಸ್ತಾರ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿ, ಅದರ ಚಿತ್ರಸಹಿತ ವರದಿ ಇಟ್ಟುಕೊಳ್ಳಿ. ಇಆರ್‌ಜಿ, ಒಸಿಟಿ ಎಂಬ ರೆಟಿನಾ ಪರೀಕ್ಷೆಗಳ ವರದಿಗಳಿದ್ದರೆ ಅವನ್ನೂ. ನೇತ್ರತಜ್ಞರು ತುಂಬಿ ಸಹಿ ಹಾಕಿದ ವೈದ್ಯಕೀಯ ನಮೂನೆಗೆ ಇವೆಲ್ಲ ಲಗತ್ತಾಗಬೇಕು, ಪರೀಕ್ಷೆಗಳು ಹನ್ನೆರಡು ತಿಂಗಳಿಗಿಂತ ಹಳೆಯದಾಗಿರಬಾರದು. ನಮೂನೆ ಆಗಾಗ ಪರಿಷ್ಕಾರವಾಗುತ್ತದೆ. ಪ್ಯಾರಾ ಈಜಿನ ಜಾಗತಿಕ ಸಂಸ್ಥೆ ವರ್ಲ್ಡ್ ಪ್ಯಾರಾ ಸ್ವಿಮ್ಮಿಂಗ್ ಆ ವರ್ಷ ಪ್ರಕಟಿಸಿದ್ದನ್ನೇ ಬಳಸಿ.

ವರ್ಗೀಕರಣದ ಕೋಣೆಯಲ್ಲಿ ಕಡಿಮೆ ಕಾಣುವಂತೆ ನಟಿಸಲು ಯಾರಾದರೂ ಹೇಳಿಕೊಟ್ಟರೆ ಅವರ ಸಹವಾಸ ಬಿಡಿ. ಪರೀಕ್ಷಕರು ಫಲಕದ ಮುಂದೆ ಮಾತ್ರವಲ್ಲ, ಮಗು ಕುರ್ಚಿ ಹುಡುಕಿ ಕೂರುವುದನ್ನೂ ಗಮನಿಸುತ್ತಾರೆ. ಸಿಕ್ಕಿಬಿದ್ದರೆ ನಿಷೇಧ.

ಈ ಕಾಯಿಲೆ ಮುಂದುವರಿಯುವಂಥದ್ದು, ಹಾಗಾಗಿ ವರ್ಗವನ್ನು ಶಾಶ್ವತ ಎಂದು ಮುದ್ರೆ ಹಾಕದೆ ಮರುಪರೀಕ್ಷೆಗೆ ವರ್ಷ ಗೊತ್ತು ಮಾಡುವ ಸಂಭವ ಹೆಚ್ಚು. ಇವತ್ತು ಎಸ್13 ಆದವಳು ಇಪ್ಪತ್ತರ ಹೊತ್ತಿಗೆ ಎಸ್12 ಆಗಬಹುದು. ಎಸ್12, 13ರಲ್ಲಿ ಟ್ಯಾಪರ್ ಕಡ್ಡಾಯವಲ್ಲ, ಬೇಕಾದರೆ ಇಟ್ಟುಕೊಳ್ಳಬಹುದು. ಎಸ್11ರಲ್ಲಿ ಕಡ್ಡಾಯ, ಜೊತೆಗೆ ಬೆಳಕೇ ತೂರದ ಕಪ್ಪು ಗಾಗಲ್ಸ್ ಕೂಡ. ರೇಸ್ ಮುಗಿದ ಮೇಲೆ ಅದನ್ನು ತೆಗೆಸಿ ನೋಡುತ್ತಾರೆ. ಈಗ ಅವಳಿಗೆ ಕಪ್ಪು ಗಾಗಲ್ಸ್ ಬೇಕಿಲ್ಲ. ವಾರಕ್ಕೊಂದು ದಿನ ಹತ್ತು ನಿಮಿಷ ಹಾಕಿಸಿ ಕೋಲಿನ ಭಾಷೆ ರೂಢಿ ಮಾಡಿಸಿದರೆ ಸಾಕು. ಉಳಿದ ದಿನ ಇರುವ ದೃಷ್ಟಿಯನ್ನು ಪೂರ್ತಿ ಬಳಸಲಿ: ಗೋಡೆಯ ಮೇಲೆ ಕಪ್ಪು ಟೇಪಿನಲ್ಲಿ ದಪ್ಪ ಟಿ ಗುರುತು ಅಂಟಿಸಿ, ಹೊರಾಂಗಣ ಕೊಳವಾದರೆ ಬಣ್ಣದ ಗಾಗಲ್ಸ್ ಹಾಕಿಸಿ. ಸಂಜೆ ಆರರ ನಂತರದ ಅಭ್ಯಾಸವಾದರೆ ಎಷ್ಟೇ ದೀಪವಿದ್ದರೂ ಟ್ಯಾಪರ್ ಇಲ್ಲದೆ ಇಳಿಸಬೇಡಿ. ಹೋದ ತಿಂಗಳ ಪೆಟ್ಟು ಯಾವ ಹೊತ್ತಿನಲ್ಲಾಯಿತು ನೆನಪಿಸಿಕೊಳ್ಳಿ.

ನಿಯಮಗಳಲ್ಲಿ ಕಾಣದವರಿಗೆ ಕೆಲವು ರಿಯಾಯಿತಿಗಳಿವೆ, ಸ್ಥಳೀಯ ರೆಫರಿಗಳಿಗೆ ಅವು ಗೊತ್ತಿರುವುದಿಲ್ಲ. ಧುಮುಕಿದ ಮೇಲೆ ಅಥವಾ ತಿರುವಿನ ನಂತರ ಅರಿಯದೆ ಪಕ್ಕದ ಲೇನಿನಲ್ಲಿ ಎದ್ದರೆ, ಅದು ಖಾಲಿಯಿದ್ದಲ್ಲಿ ಅಲ್ಲೇ ಮುಗಿಸಬಹುದು. ವಾಪಸು ಬರಬೇಕಾದರೆ ಈಜುಗಾರರ ಹೆಸರು ಕೂಗಿ ಟ್ಯಾಪರ್ ದಾರಿ ಹೇಳಬಹುದು. ಎಸ್11ರವರು ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈನಲ್ಲಿ ಹಗ್ಗಕ್ಕೆ ತೀರಾ ಒತ್ತಿಕೊಂಡಿದ್ದು ಎರಡೂ ಕೈ ಒಟ್ಟಿಗೆ ಮುಟ್ಟದಿದ್ದರೂ, ಹಗ್ಗದಿಂದ ಲಾಭ ಪಡೆದಿಲ್ಲದಿದ್ದರೆ ತಪ್ಪಲ್ಲ. ಲೇನಿಗೆ ವಾಪಸು ಕರೆಯುವುದನ್ನು ಬಿಟ್ಟು ಟ್ಯಾಪರ್ ಬಾಯಿ ತೆರೆದು ‘ಬೇಗ, ಬೇಗ’ ಎಂದರೆ ಅದು ನಿಯಮ ಒಪ್ಪದ ಕೋಚಿಂಗ್ ಆಗುತ್ತದೆ. ಅಪ್ಪ ಟ್ಯಾಪರ್ ಆದಾಗ ಬಾಯಿ ಕಟ್ಟಿಕೊಳ್ಳುವುದೇ ಕಷ್ಟ!

ಎಲ್ಲಿಯವರೆಗೆ ಎಂದು ಕೇಳಿದ್ದೀರಿ. ಪ್ಯಾರಾಲಿಂಪಿಕ್ಸ್‌ನ ಮಹಿಳೆಯರ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಪದಕ ಸಿಗುವುದು ಎಸ್13ರಲ್ಲಿ 27 ಸೆಕೆಂಡಿನ ಸುತ್ತ, ಎಸ್11ರಲ್ಲಿ 30ರ ಆಸುಪಾಸು. 12ನೇ ವಯಸ್ಸಿನ 46ರಿಂದ ಅದು ದೂರದ ದಾರಿ, ಆದರೆ ಈ ಕ್ಷೇತ್ರದಲ್ಲಿ ದಾರಿ ಉದ್ದವಿರುತ್ತದೆ. ಅಮೆರಿಕದ ಟ್ರಿಷಾ ಝೋರ್ನ್ 1980ರಿಂದ 2004ರವರೆಗೆ ಏಳು ಪ್ಯಾರಾಲಿಂಪಿಕ್ಸ್‌ಗಳಲ್ಲಿ 55 ಪದಕ ಗೆದ್ದರು. ಎರಡನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಜಪಾನಿನ ಕೀಯಿಚಿ ಕಿಮುರಾ 2008ರ ಬೀಜಿಂಗ್‌ನಲ್ಲಿ ಬರಿಗೈ. 2012ರಲ್ಲಿ ಒಂದು ಬೆಳ್ಳಿ, ಒಂದು ಕಂಚು. ರಿಯೊದಲ್ಲಿ ಎರಡು ಬೆಳ್ಳಿ, ಎರಡು ಕಂಚು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ ಅಭ್ಯಾಸ ಮಾಡಿದರು. ಮೊದಲ ಚಿನ್ನ ಬಂದದ್ದು ಟೋಕಿಯೊದ 100 ಮೀಟರ್ ಬಟರ್‌ಫ್ಲೈನಲ್ಲಿ, 30ನೇ ವಯಸ್ಸಿಗೆ. ಪ್ಯಾರಿಸ್‌ನಲ್ಲಿ ಇನ್ನೂ ಎರಡು. ಬ್ರೆಜಿಲ್‌ನ ಮರಿಯಾ ಕರೋಲಿನಾ ಸ್ಯಾಂಟಿಯಾಗೊ ಪ್ಯಾರಾ ಈಜಿಗೆ ಬಂದದ್ದೇ ಮೂವತ್ತು ದಾಟಿದ ಮೇಲೆ. ಟೋಕಿಯೊದಲ್ಲಿ ಮೂರು ಚಿನ್ನ.

ನಮ್ಮಲ್ಲಿ ಕಾಣುವ ಹೆಸರು ನಾಗಪುರದ ಕಾಂಚನಮಾಲಾ ಪಾಂಡೆ. ಹುಟ್ಟಿನಿಂದ ದೃಷ್ಟಿಯಿಲ್ಲದ ಅವರು 2017ರಲ್ಲಿ ಮೆಕ್ಸಿಕೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 200 ಮೀಟರ್ ಮೆಡ್ಲಿ ಚಿನ್ನ ಗೆದ್ದರು. ಹೊಟ್ಟೆಪಾಡಿಗೆ ಅವರದು ರಿಸರ್ವ್ ಬ್ಯಾಂಕಿನ ನೌಕರಿ. ಬಹುಮಾನದ ಹಣವನ್ನು ನಂಬಿ ಬದುಕು ಕಟ್ಟುವ ಯೋಜನೆ ಬೇಡ ಎನ್ನುವುದಕ್ಕೆ ಇದು ಸಾಕು. ಮಗಳ ಓದು ಈಜಿನ ಜೊತೆಗೇ ನಡೆಯಲಿ. ಬೆಂಗಳೂರಿನಿಂದ ಶರತ್ ಗಾಯಕವಾಡ್, ನಿರಂಜನ್ ಮುಕುಂದನ್ ಅಂತರರಾಷ್ಟ್ರೀಯ ಮಟ್ಟಕ್ಕೆ ಹೋದವರು. ಅವರ ನ್ಯೂನತೆ ಬೇರೆ ಬಗೆಯದು, ಆದರೆ ಪ್ಯಾರಾ ಈಜುಗಾರರನ್ನು ತಯಾರು ಮಾಡಿದ ಅನುಭವ ಆ ಊರಿನ ಕೊಳಗಳಲ್ಲಿದೆ.

ಸರಣಿ ಹೀಗೆ: ರಾಜ್ಯದ ಪ್ಯಾರಾ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಿ, ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ರಾಷ್ಟ್ರೀಯ ಕೂಟ, ಅಲ್ಲಿಂದ ಪರವಾನಗಿ ಪಡೆದು ವಿದೇಶದ ಯಾವುದಾದರೂ ವಿಶ್ವ ಸರಣಿ ಕೂಟದಲ್ಲಿ ಅಂತರರಾಷ್ಟ್ರೀಯ ವರ್ಗೀಕರಣ. ರಾಷ್ಟ್ರೀಯ ವರ್ಗ ಅಲ್ಲಿ ನಡೆಯುವುದಿಲ್ಲ, ಹೊಸದಾಗಿ ಪರೀಕ್ಷೆಯಾಗುತ್ತದೆ. ಅಲ್ಲಿಯವರೆಗೆ ಊರಿನ ಸಾಮಾನ್ಯ ಕೂಟಗಳಲ್ಲೂ ಈಜಿಸಿ. ಟ್ಯಾಪರ್ ಇರುತ್ತಾರೆ ಎಂದು ರೆಫರಿಗೆ ಮೊದಲೇ ತಿಳಿಸಿ.

ಖರ್ಚಿನಲ್ಲಿ ಜನ ಮರೆಯುವುದು ಟ್ಯಾಪರ್ ಮತ್ತು ಜೊತೆಗಾರರ ಟಿಕೆಟ್ಟು. ಗೊತ್ತಿಲ್ಲದ ಕೊಳ, ಒದ್ದೆ ನೆಲ, ಊಟದ ಸಾಲು ಇವೆಲ್ಲ ರೇಸಿಗಿಂತ ಹೆಚ್ಚು ದಣಿಸುತ್ತವೆ. ಅಮೆರಿಕದ ಬೆಕ್ಕಾ ಮೇಯರ್ಸ್ ರಿಯೊದಲ್ಲಿ ಮೂರು ಚಿನ್ನ ಗೆದ್ದವರು. ತಮ್ಮ ಸಹಾಯಕಿಯಾಗಿದ್ದ ತಾಯಿಯನ್ನು ಕರೆದೊಯ್ಯಲು ಅನುಮತಿ ಸಿಗದಿದ್ದಾಗ ಟೋಕಿಯೊದಿಂದಲೇ ಹಿಂದೆ ಸರಿದರು. ಸ್ಪರ್ಧೆಗೆ ಒಂದು ದಿನ ಮೊದಲೇ ಹೋಗಿ ಕೊಠಡಿಯಿಂದ ಧುಮುಕುವ ಕಟ್ಟೆಯಾದ ಬ್ಲಾಕ್‌ವರೆಗೆ ಹೆಜ್ಜೆ ಎಣಿಸಿ, ಬ್ಲಾಕಿನ ಅಂಚನ್ನು ಕೈಯಿಂದ ಸವರಿಸಿ.

ಮೇಯರ್ಸ್ ಅವರಿಗಿರುವುದು ಅಷರ್ ಸಿಂಡ್ರೋಮ್. ಅದರಲ್ಲಿ ನಿಮ್ಮ ಮಗಳ ಕಣ್ಣಿನ ಕಾಯಿಲೆಯ ಜೊತೆಗೆ ಕಿವಿಯೂ ಮಂದವಾಗುತ್ತದೆ. ಈವರೆಗೆ ಮಾಡಿಸದಿದ್ದರೆ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಸ್ಟಾರ್ಟ್ ಸದ್ದಿಗೆ ತಡವಾಗಿ ಹಾರುವುದಕ್ಕೆ ಸೋಮಾರಿತನವೇ ಕಾರಣವಾಗಿರಬೇಕಿಲ್ಲ.

ಔಷಧಿಯ ವಿಷಯವನ್ನು ಹೆಚ್ಚಿನ ಕೋಚ್‌ಗಳು ಹೇಳುವುದಿಲ್ಲ. ಈ ಕಾಯಿಲೆಯಲ್ಲಿ ಅಕ್ಷಿಪಟಲದ ನಡುಭಾಗ ಊದಿಕೊಂಡರೆ ವೈದ್ಯರು ಅಸೆಟಜೋಲಮೈಡ್ ಮಾತ್ರೆ ಕೊಡುವುದುಂಟು. ಅದು ಮೂತ್ರವರ್ಧಕ, ಉದ್ದೀಪನ ಮದ್ದಿನ ಪಟ್ಟಿಯಲ್ಲಿ ಸದಾಕಾಲ ನಿಷಿದ್ಧ. ಅದೇ ಬಳಗದ ಡಾರ್ಜೋಲಮೈಡ್ ಕಣ್ಣಿನ ಹನಿಗೆ ಅನುಮತಿಯಿದೆ. ಸ್ಟೀರಾಯ್ಡ್ ಕೂಡ ಹಾಗೆಯೇ: ಕಣ್ಣಿಗೆ ಹನಿಯಾಗಿ ಬಿಡಬಹುದು, ಮಾತ್ರೆಯಾಗಿ ನುಂಗಿದರೆ ಸ್ಪರ್ಧೆಯ ಅವಧಿಯಲ್ಲಿ ತಪ್ಪು. ಮಾತ್ರೆಯೇ ಬೇಕೆಂದು ವೈದ್ಯರು ಹೇಳಿದರೆ ಚಿಕಿತ್ಸೆ ನಿಲ್ಲಿಸಬೇಡಿ, ಚಿಕಿತ್ಸಾ ವಿನಾಯಿತಿಗೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾಕ್ಕೆ ಮೊದಲೇ ಅರ್ಜಿ ಹಾಕಿ. ಕಣ್ಣಿನ ಒತ್ತಡವೂ ಹೆಚ್ಚಿದ್ದರೆ ಗುಳಿಯೊಳಗೆ ಬಿಗಿಯಾಗಿ ಕೂರುವ ಚಿಕ್ಕ ಗಾಗಲ್ಸ್ ಬೇಡ, ಮೂಳೆಯ ಮೇಲೆ ಕೂರುವ ಅಗಲ ಅಂಚಿನದನ್ನು ಕೊಳ್ಳಿ. ಬ್ಲಾಕಿನಿಂದ ಧುಮುಕುವುದಕ್ಕೆ ರೆಟಿನಾ ತಜ್ಞರ ಒಪ್ಪಿಗೆಯನ್ನು ಫೀಲ್ಡ್ ಟೆಸ್ಟ್ ಮಾಡಿಸಲು ಹೋದ ದಿನವೇ ಬರೆಸಿಕೊಳ್ಳಿ.